ಮಾವನ ರಾತ್ರಿ ಎಲ್ಲಿಗೆ ಬಂತು

ನನ್ನ ಮಾವ ಡ್ರಿಲ್ ಮೇಷ್ಟ್ರು. ಸರ್ಕಾರಿ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಅಂತ ಇರುತ್ತದೆ, ಆದರೆ ದೊಡ್ಡೇರಿ ಸುತ್ತಮುತ್ತ ಹಾಗೆಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ರಿಟೈರಾಗುವ ತನಕ ಸೂರ್ಯ ಹುಟ್ಟುವ ಮೊದಲೇ ಎದ್ದು, ಸೀಟಿ ಒರೆಸಿ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದವರು. ಅವರ ಇಬ್ಬರು ಹೆಣ್ಣುಮಕ್ಕಳೂ ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ ಬೆಳೆದರು. ದೊಡ್ಡವಳನ್ನು ನಾನು ಮದುವೆಯಾದೆ. ಗಂಡಿನ ಕಡೆಯವರಾದ ನಾವು ಛತ್ರಕ್ಕೆ ತಡವಾಗಿ ತಲುಪಿದ್ದೆವು. ಅದನ್ನು ಮಾವ ಈಗಲೂ ಮರೆತಿಲ್ಲ.

ಮಧುಗಿರಿಯಲ್ಲಿ ನಮ್ಮದು ತಟ್ಟೆ ಇಡ್ಲಿ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಹಾಕಿದ್ದನ್ನು ನಾನು ನೋಡಿಲ್ಲ. ಮಾವನಿಗೆ ಕಣ್ಣು ಕಾಣದೆ ಹೋದ ಮೇಲೆ ಅವರೂ ಅತ್ತೆಯೂ ದೊಡ್ಡೇರಿ ಬಿಟ್ಟು ನಮ್ಮ ಜೊತೆ ಇರಲು ಬಂದರು. ಆಸ್ಪತ್ರೆಗೆ ಹತ್ತಿರವಾಗುತ್ತದೆ ಅನ್ನುವುದು ಹೇಳಿಕೊಂಡ ಕಾರಣ. ಅತ್ತೆಗೆ ನಮ್ಮ ಹೋಟೆಲಿನ ಚಟ್ನಿ ಸರಿಮಾಡಬೇಕೆಂಬ ಆಸೆ ಬಹಳ ವರ್ಷದಿಂದ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಮಾವನದು ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ. ನೋವಿಲ್ಲದೆ, ಸದ್ದಿಲ್ಲದೆ ತಿನ್ನುತ್ತ ಬರುತ್ತದಂತೆ. ಅವರಿಗೆ ಗೊತ್ತಾಗುವ ಹೊತ್ತಿಗೆ ಅದು ತನ್ನ ಕೆಲಸವನ್ನು ಮುಕ್ಕಾಲು ಪಾಲು ಮುಗಿಸಿತ್ತು. ಎಡಗಣ್ಣು ಪೂರ್ತಿ ಕತ್ತಲೆಯಾಯಿತು. ಬಲಗಣ್ಣಿನಲ್ಲೂ ಏನೂ ಕಾಣುತ್ತಿರಲಿಲ್ಲ. ಮನುಷ್ಯ ಎದುರಿಗೆ ಬಂದು ನಿಂತರೆ ಮನುಷ್ಯ ಅಂತಲೂ ತಿಳಿಯುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದರೆ ಮಾತ್ರ, "ಆ ಕಡೆ ಏನೋ ಬೆಳ್ಳಗೈತೆ" ಅನ್ನುತ್ತಿದ್ದರು. ಅಷ್ಟೇ ಉಳಿದದ್ದು.

ನೋಟ ಹೋದರೂ ಶಿಸ್ತು ಹೋಗಿರಲಿಲ್ಲ. ನಮ್ಮ ಅಡುಗೆಯವನು ಬೆಳಗಿನ ಜಾವ ಬಂದು ಬಾಗಿಲು ತಟ್ಟುವ ಮೊದಲೇ ಮಾವ ಎದ್ದು ಮಂಚದ ಮೇಲೆ ನೆಟ್ಟಗೆ ಕೂತಿರುತ್ತಿದ್ದರು. ಅಡುಗೆಯವನು ಅವರ ಹಳೆಯ ವಿದ್ಯಾರ್ಥಿ. "ಲೇಟಾಯ್ತಲ್ಲೋ" ಅಂತ ಒಳಗಿನಿಂದಲೇ ಒಂದು ಮಾತು ಬರುತ್ತಿತ್ತು. "ಆಯ್ತು ಸಾ" ಅಂತ ಅವನು ಒಲೆ ಹಚ್ಚುತ್ತಿದ್ದ. ಸಾಯಂಕಾಲ ಮುದ್ದೆ ಉಂಡು, ಬೀದಿಯಲ್ಲಿ ಇನ್ನೂ ಜನ ಓಡಾಡುತ್ತಿರುವಾಗಲೇ ಮಲಗಿಬಿಡುತ್ತಿದ್ದರು. ಕುರುಡರಾದ ಮೇಲೂ ಎರಡು ವರ್ಷ ಹೀಗೇ ನಡೆಯಿತು. ನಾವು ಇದನ್ನು ಅವರ ಮನೋಬಲ ಅಂದುಕೊಂಡಿದ್ದೆವು. ಬಂದವರ ಹತ್ತಿರ ಹೇಳಿಕೊಂಡೂ ಇದ್ದೆವು.

ಆಮೇಲೆ ಬಲಗಣ್ಣು ನೋಯಲು ಶುರುವಾಯಿತು. ತಲೆ ಗೋಡೆಗೆ ಚಚ್ಚಿಕೊಳ್ಳುವಂಥ ನೋವು. ತುಮಕೂರಿನ ಆಸ್ಪತ್ರೆಯಲ್ಲಿ ಹನಿ ಹಾಕಿದರು, ಮಾತ್ರೆ ಕೊಟ್ಟರು, ಒಂದು ಸಣ್ಣ ಆಪರೇಷನ್ ಮಾಡಿದರು. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಆ ಕಣ್ಣನ್ನು ತೆಗೆಯುವುದೇ ಸರಿ ಅಂದರು. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ.

"ಕೆಲಸ ಮಾಡದೆ ಪೆನ್ಶನ್ ತಿಂತಾ ಕುಂತೈತೆ. ತಗುದ್ಬುಡಿ" ಅಂದರು.

ತೆಗೆದರು. ನೋವು ನಿಂತಿತು. ಅಲ್ಲೊಂದು ಕೃತಕ ಕಣ್ಣು ಕೂರಿಸಿದರು. ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು, ಯಾವಾಗಲೂ ಎಚ್ಚರವಾಗಿ ನೇರಕ್ಕೆ ನೋಡುತ್ತಿತ್ತು. ಮಾವ ಮನೆಗೆ ಬಂದ ಮೊದಲ ವಾರ ಚೆನ್ನಾಗಿ ನಿದ್ದೆ ಮಾಡಿದರು. ನಾವೆಲ್ಲ ಒಂದು ಗಂಡಾಂತರ ಕಳೆಯಿತು ಅಂದುಕೊಂಡೆವು.

ಒಂದು ದಿನ ಅಡುಗೆಯವನು ಬಾಗಿಲು ತಟ್ಟಿದಾಗ ಒಳಗಿನಿಂದ "ಲೇಟಾಯ್ತಲ್ಲೋ" ಬರಲಿಲ್ಲ. ಅವನು ಗಾಬರಿಯಾಗಿ ನನ್ನನ್ನು ಎಬ್ಬಿಸಿದ. ಮಾವ ಮಲಗಿದ್ದರು, ಉಸಿರು ಸರಿಯಾಗಿತ್ತು. ಆಪರೇಷನ್ನಿನ ಆಯಾಸ ಅಂದುಕೊಂಡು ಬಿಟ್ಟೆವು. ಆಮೇಲೆ ಅವರು ಏಳುವುದು ದಿನದಿಂದ ದಿನಕ್ಕೆ ಜರುಗುತ್ತ ಹೋಯಿತು. ಮೊದಲು ಹಾಲಿನವನು ಬರುವ ಹೊತ್ತಿಗೆ ಎದ್ದರು, ಆಮೇಲೆ ಮಕ್ಕಳು ಸ್ಕೂಲಿಗೆ ಹೋಗುವ ಹೊತ್ತಿಗೆ, ಆಮೇಲೆ ಹೋಟೆಲಿನಲ್ಲಿ ಇಡ್ಲಿ ಮುಗಿದು ಚಿತ್ರಾನ್ನ ಶುರುವಾಗುವ ಹೊತ್ತಿಗೆ. ಒಂದು ದಿನ ಮಧ್ಯಾಹ್ನ ಊಟದ ಗಿರಾಕಿಗಳು ಕೈ ತೊಳೆಯುತ್ತಿರುವಾಗ ಮಾವ ಹಲ್ಲುಜ್ಜಲು ಬಂದರು. ರಾತ್ರಿ ಮಾತ್ರ ಊರೆಲ್ಲ ಮಲಗಿದ ಮೇಲೆ ಅವರಿಗೆ ಕಣ್ಣು ಮುಚ್ಚಿದರೂ ನಿದ್ದೆಯಿಲ್ಲ. ಹೊಟ್ಟೆ ಹಸಿಯುತ್ತಿತ್ತು, ಮಾತಾಡಬೇಕು ಅನ್ನಿಸುತ್ತಿತ್ತು, ಕಾಲು ನಡೆಯಬೇಕು ಅನ್ನುತ್ತಿತ್ತು.

ಇನ್ನೂ ವಿಚಿತ್ರವೆಂದರೆ, ಕೆಲವು ವಾರ ಹೀಗೆ ಜರುಗಿ ಜರುಗಿ, ಒಂದು ದಿನ ಮತ್ತೆ ಸರಿಯಾಗಿ ಬೆಳಗಿನ ಜಾವಕ್ಕೇ ಎದ್ದು ಕೂತು "ಲೇಟಾಯ್ತಲ್ಲೋ" ಅಂದರು. ವಾಸಿಯಾಯಿತು ಅಂತ ಅತ್ತೆ ದೇವರಿಗೆ ಕಾಯಿ ಒಡೆಸಿದರು. ಮುಂದಿನ ವಾರ ಮತ್ತೆ ಜರುಗಲು ಶುರು.

ಕಾರಣ ಹೇಳಲು ಜನಕ್ಕೆ ಕೊರತೆಯಿರಲಿಲ್ಲ. ಪಕ್ಕದ ಮನೆಯವರು ದೃಷ್ಟಿ ಅಂದರು. ನನ್ನ ಹೆಂಡತಿ, ಅಪ್ಪ ಕಣ್ಣು ಹೋದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಅಂದಳು. ಅಡುಗೆಯವನು, ಮೇಷ್ಟ್ರು ಜೀವಮಾನವೆಲ್ಲ ಎಚ್ಚರ ಇದ್ದದ್ದಕ್ಕೆ ಈಗ ನಿದ್ದೆ ಬಾಕಿ ತೀರಿಸಿಕೊಳ್ಳುತ್ತಿದ್ದಾರೆ ಅಂದ. ಪಾವಗಡದ ಕಡೆ ಕೊಟ್ಟಿರುವ ನಾದಿನಿ ಫೋನಿನಲ್ಲಿ ಅಳುತ್ತ, ಅಪ್ಪನಿಗೆ ಹಗಲು ರಾತ್ರಿ ಗೊತ್ತಾಗದೆ ಹೀಗಾಗಿದೆ ಅಂತ ಹೇಳಿ, ಗುಂಡಿ ಒತ್ತಿದರೆ ಸಮಯ ಹೇಳುವ ಕೈಗಡಿಯಾರ ಕಳಿಸಿಕೊಟ್ಟಳು. ಅದರಲ್ಲಿ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಂಟೆ ನಿಮಿಷ ಹೇಳುತ್ತಿದ್ದಳು. ಮಾವನಿಗೆ ಬಹಳ ಇಷ್ಟವಾಯಿತು. ಮಧ್ಯಾಹ್ನ ಅಂತ ಅವಳು ಹೇಳುವುದು, ಇವರು ಹೌದೆಂದು ತಲೆಯಾಡಿಸಿ ಆಕಳಿಸಿ ಮಲಗುವುದು. ಗಂಟೆ ಎಷ್ಟು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ.

ನಮ್ಮೂರಿನ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು. ಅದನ್ನು ತಿಂದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ತೂಕಡಿಕೆ ಬರುತ್ತಿತ್ತು. ಹಗಲು ಎರಡೂ ಬರುತ್ತಿದ್ದವು.

ಹೀಗಿರುವಾಗ ಅವರ ಹಳೆಯ ಶಾಲೆಯಿಂದ ಕ್ರೀಡಾಕೂಟದ ಆಹ್ವಾನ ಬಂತು. ನಿವೃತ್ತ ಗುರುಗಳು ಸೀಟಿ ಊದಿ ಉದ್ಘಾಟನೆ ಮಾಡಬೇಕು. ಮಾವ ಬಿಳಿ ಪ್ಯಾಂಟು, ಬಿಳಿ ಷರಟು ಇಸ್ತ್ರಿ ಮಾಡಿಸಿದರು. ನಾನು, ಅತ್ತೆ, ಮಾವ ಮೂವರೂ ಕಾರಿನಲ್ಲಿ ಹೋದೆವು. ಆ ವಾರ ಅವರ ನಿದ್ದೆ ಸರಿಯಾಗಿ ಹಗಲಿನ ನಡುಮಧ್ಯಕ್ಕೆ ಬಂದು ನಿಂತಿತ್ತು. ಕಾರಿನಲ್ಲೇ ಅತ್ತೆ ಅವರ ತೊಡೆ ಚಿವುಟಿ ಚಿವುಟಿ ಎಬ್ಬಿಸಿಕೊಂಡು ಬಂದರು.

ಶಾಮಿಯಾನದ ಕೆಳಗೆ ವೇದಿಕೆ. ಮಾವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಕೈಗೆ ಸೀಟಿ ಕೊಟ್ಟರು. ಸ್ವಾಗತ ಭಾಷಣ ಆಯಿತು. ಪ್ರಾಸ್ತಾವಿಕ ಭಾಷಣ ಶುರುವಾಯಿತು. ಮಾವ ನಿದ್ದೆ ಹೋದರು. ಯಾರೂ ಗಮನಿಸಲಿಲ್ಲ, ಯಾಕೆಂದರೆ ವೇದಿಕೆಯ ಮೇಲಿದ್ದ ಇನ್ನಿಬ್ಬರೂ ಮಲಗಿದ್ದರು. ಮೇಲಾಗಿ ಮಾವ ನೆಟ್ಟಗೆ ಕೂತೇ ನಿದ್ದೆ ಮಾಡಬಲ್ಲರು, ಕೃತಕ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ದೂರದಿಂದ ನೋಡಿದವರಿಗೆ ಭಾಷಣವನ್ನು ಆಳವಾಗಿ ಕೇಳುತ್ತಿರುವಂತೆ ಕಾಣುತ್ತಿತ್ತು.

ಉದ್ಘಾಟನೆಗೆ ಕರೆದರು. ಮಾವ ಏಳಲಿಲ್ಲ. ಮತ್ತೊಮ್ಮೆ ಕರೆದರು. ಪಕ್ಕದಲ್ಲಿದ್ದ ಶಿಕ್ಷಕರು ಮೈಕನ್ನು ಅವರ ಮುಖದ ಹತ್ತಿರ ಹಿಡಿದು, ಭುಜ ಮುಟ್ಟಿದರು. ಮಾವ ಗಾಢ ನಿದ್ದೆಯಿಂದ ಬೆಚ್ಚಿ ಎದ್ದರು.

"ಯಾರ್ಲಾ ಅದು ಇಷ್ಟೊತ್ನಲ್ಲಿ? ಲೈಟ್ ಹಾಕ್ರಲಾ!"

ಮೈಕಿನಲ್ಲಿ ಅದು ಇಡೀ ಮೈದಾನಕ್ಕೆ ಕೇಳಿಸಿತು. ಮಟಮಟ ಮಧ್ಯಾಹ್ನ. ಸಾಲಾಗಿ ನಿಂತಿದ್ದ ಮಕ್ಕಳು ಮೊದಲು ನಕ್ಕರು, ಆಮೇಲೆ ಹೇಳಿದ್ದು ಯಾರು ಅನ್ನುವುದು ಹೊಳೆದು ನಗುವುದನ್ನು ನಿಲ್ಲಿಸಿದರು. ನಕ್ಕದ್ದಕ್ಕಿಂತ ನಿಲ್ಲಿಸಿದ್ದು ನಮಗೆ ಹೆಚ್ಚು ಕಷ್ಟವಾಯಿತು. ಮಾವನಿಗೆ ಎಲ್ಲಿದ್ದೇನೆಂದು ಅಷ್ಟರಲ್ಲಿ ತಿಳಿದಿತ್ತು. ಸೀಟಿ ಬಾಯಿಗಿಟ್ಟು ಊದಿದರು. ಒಳ್ಳೆಯ, ಉದ್ದನೆಯ ಸೀಟಿ. ಮಕ್ಕಳು ಓಡಿದರು. ಓಟದ ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ, ಆದರೂ ಓಡಿದರು.

ಮನೆಗೆ ಬರುವ ದಾರಿಯಲ್ಲಿ ಮಾವ ಒಂದೇ ಮಾತಾಡಿದ್ದು. "ಅಳಿಯಂದ್ರೇ, ತುಮಕೂರಿಗೆ ಇನ್ನೊಂದ್ಸಲ ಹೋಗಿ ಬರಾಣ."

ಅಲ್ಲಿ ಈ ಸಲ ಇದ್ದದ್ದು ಚಿಕ್ಕ ವಯಸ್ಸಿನ ಹೆಣ್ಣು ಡಾಕ್ಟರು. ಮಾವ ಹೇಳಿದ್ದನ್ನೆಲ್ಲ ಕೇಳಿ, "ನಿದ್ದೆ ಕೆಟ್ಟಿದ್ದು ಈ ಕಣ್ಣು ತೆಗೆದ ಮೇಲಾ, ಮೊದಲಾ?" ಅಂತ ಕೇಳಿದರು.

"ಮ್ಯಾಲೆ."

"ಅದೇ. ಆ ಕಣ್ಣಿನಿಂದ ನಿಮಗೇನೂ ಕಾಣ್ತಿರ್ಲಿಲ್ಲ. ಆದ್ರೆ ಬೆಳಕು ಒಳಗೆ ಹೋಗ್ತಿತ್ತು. ಕಣ್ಣು ಮಾಡೋದು ಎರಡು ಕೆಲಸ, ಮೇಷ್ಟ್ರೇ. ಒಂದು ತೋರಿಸೋದು. ಇನ್ನೊಂದು, ಈಗ ಬೆಳಗಾಯ್ತು, ಈಗ ಕತ್ತಲಾಯ್ತು ಅಂತ ಮಿದುಳಿಗೆ ಹೇಳೋದು. ನಿಮ್ಮ ಕಣ್ಣು ಮೊದಲನೇ ಕೆಲಸ ಬಿಟ್ಟಿದ್ರೂ ಎರಡನೇದು ಮಾಡ್ತಿತ್ತು ಅನ್ಸುತ್ತೆ. ನೋವಿಗೆ ತೆಗೀಲೇಬೇಕಿತ್ತು, ತೆಗೆದದ್ದು ತಪ್ಪಲ್ಲ. ಆದ್ರೆ ಹೇಳೋರು ಯಾರೂ ಇಲ್ದಂಗಾಯ್ತು."

ಮಿದುಳಿನಲ್ಲೊಂದು ಗಡಿಯಾರ ಇರುತ್ತದೆ ಅಂದರು. ಬಹಳ ಜನರಲ್ಲಿ ಅದರ ದಿನ ನಮ್ಮ ದಿನಕ್ಕಿಂತ ತುಸು ಉದ್ದ. ಬೆಳಗಿನ ಬೆಳಕು ದಿನಾ ಅದನ್ನು ಹಿಂದಕ್ಕೆ ತಳ್ಳಿ ಸರಿಮಾಡುತ್ತದೆ. ಬೆಳಕು ಸಿಗದೆ ಹೋದರೆ ಅದು ತನ್ನ ಪಾಡಿಗೆ ತಾನು ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತ, ಒಂದು ಸುತ್ತು ಹೊಡೆದು ಮತ್ತೆ ನಮ್ಮ ಬೆಳಗಿಗೇ ಬರುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಅದಲ್ಲದೆ ಹೊಟ್ಟೆ, ಕರುಳು, ಪಿತ್ತಜನಕಾಂಗ ಇವಕ್ಕೂ ಸಣ್ಣ ಸಣ್ಣ ಗಡಿಯಾರಗಳಿವೆ. ಅವು ಬೆಳಕಿಗಿಂತ ಹೆಚ್ಚಾಗಿ ಊಟದ ಮಾತು ಕೇಳುತ್ತವೆ. ನಡಿಗೆ, ಸ್ನಾನ, ಬಿಸಿ ತಂಪು, ಜನರ ಮಾತುಕತೆ, ಇವೆಲ್ಲವೂ ಅಷ್ಟಷ್ಟು ಹೊತ್ತು ತಿಳಿಸುತ್ತವೆ. ಬೆಳಕಿನಷ್ಟು ಯಾವುದಕ್ಕೂ ಬಲವಿಲ್ಲ. ಎಲ್ಲ ಒಟ್ಟಿಗೆ ಒಂದೇ ಮಾತು ಹೇಳಿದರೆ ಸ್ವಲ್ಪ ಕೇಳಿಸೀತು. ಜೊತೆಗೆ ಸಾಯಂಕಾಲ ನುಂಗಲು ಒಂದು ಮಾತ್ರೆ. ಅದು ನಿದ್ದೆ ಮಾತ್ರೆಯಲ್ಲ, ಕತ್ತಲಾಯಿತು ಅಂತ ಮೈಗೆ ತಿಳಿಸುವ ಮಾತ್ರೆ.

"ಆದ್ರೆ ಇವತ್ತೇ ಶುರು ಮಾಡ್ಬೇಡಿ" ಅಂದರು. "ಇವರ ರಾತ್ರಿ ತಾನಾಗೇ ನಮ್ಮ ರಾತ್ರಿ ಹತ್ರ ಬರೋ ತನಕ ಕಾಯಿರಿ. ಬಂದ ತಕ್ಷಣ ಹಿಡ್ಕೊಳ್ಳಿ. ಆಮೇಲೆ ಬಿಡ್ಬೇಡಿ. ಅಂದ ಹಾಗೆ, ರಾತ್ರಿ ಹೊತ್ತು ಊಟ ಯಾರು ಕೊಡ್ತಿದಾರೆ?"

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಮಾವನೂ ಆ ಕಡೆಗೇ ಮುಖ ತಿರುಗಿಸಿದರು.

ಅತ್ತೆ ಕೊಡುತ್ತಿದ್ದದ್ದು ನಿಜ. ನಡುರಾತ್ರಿ ಮಾವ ಹಸಿವು ಅಂದರೆ ಎದ್ದು ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿ ಬಡಿಸುತ್ತಿದ್ದರು. ಡಾಕ್ಟರು ಅದನ್ನು ನಿಲ್ಲಿಸಬೇಕು ಅಂದರು. ರಾತ್ರಿ ಉಂಡರೆ ಹೊಟ್ಟೆಯ ಗಡಿಯಾರ ಅದನ್ನೇ ಹಗಲು ಅಂದುಕೊಳ್ಳುತ್ತದೆ, ಮಿದುಳು ಒಂದು ಕಡೆ, ಹೊಟ್ಟೆ ಒಂದು ಕಡೆ ಎಳೆಯುತ್ತವೆ. ಅತ್ತೆ ಅಲ್ಲಿ ತಲೆಯಾಡಿಸಿದರು. ಬಸ್ ಹತ್ತಿದ ಮೇಲೆ ನನಗೆ ಹೇಳಿದರು:

"ನೋಡಿ ಅಳಿಯಂದ್ರೇ, ಆ ಮಗಿಗೆ ಇನ್ನೂ ಮದ್ವೆ ಆಗಿಲ್ಲ. ಗಂಡ ಹಸ್ಕಂಡು ಕುಂತಿದ್ರೆ ಹೆಂಗಿರ್ತದೆ ಅಂತ ಅದ್ಕೇನ್ ಗೊತ್ತು?"

ಆ ವಾರ ನಾನು ಕಡ್ಲೆಕಾಯಿ ಬೀಜ ತರಲು ಶಿರಾಕ್ಕೆ ಹೋಗಿದ್ದೆ. ನಮಗೆ ಬೀಜ ಕೊಡುವ ಸಾಬರಿಗೆ ಮಾವನ ವಿಷಯ ಹೇಳಿದೆ. ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ರಂಜಾನ್ ಮುಗೀತಲ್ಲ, ಆಮೇಲೂ ಒಂದಷ್ಟು ದಿನ ನನ್ ಹೊಟ್ಟೆ ಬೆಳಗಿನ ಜಾವದ ಸೆಹ್ರಿ ಊಟದ ಟೈಮಿಗೇ ಎಬ್ಬಿಸ್ತದೆ ಭಾಯಿ. ನನ್ ಕಣ್ಣು ಬರೋಬರ್ ಐತೆ. ಹೊಟ್ಟೆಗೆ ಹೇಳಿದ್ರೆ ಕೇಳಲ್ಲ" ಅಂದರು. ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಡಾಕ್ಟರು ಹೇಳಿದಾಗ ನಂಬದವರು ಸಾಬರು ಹೇಳಿದ್ದನ್ನು ನಂಬಿದರು. ನಮ್ಮ ಮನೆ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಮಗಳಿಗೆ ಕೊಟ್ಟರು.

ಒಪ್ಪದವರು ಈಗ ಮಾವ. ಕ್ರೀಡಾಕೂಟದ ಅವಮಾನ ಅಷ್ಟರಲ್ಲಿ ಆರಿತ್ತು. "ನಾನು ರಿಟೈರ್ಡು ಕಣಮ್ಮ" ಅಂತ ಮಗಳಿಗೆ ಹೇಳಿದರು. "ಹಗಲು ಮಲಗಿದ್ರೇನು, ರಾತ್ರಿ ಮಲಗಿದ್ರೇನು? ನಂಗೆ ಎರಡೂ ಒಂದೇ ಬಣ್ಣ. ದುಡಿದಿದ್ದು ಸಾಕು ಅಂತ ನನ್ ಗಡಿಯಾರ ಅಡ್ಡಾಡ್ಕಂಡೈತೆ, ಬುಡು."

ಅಡುಗೆಮನೆಗೆ ಬೀಗ ಬಿದ್ದ ಮೇಲೆ ಮಾವ ಹೋಟೆಲಿನ ದಾರಿ ಹಿಡಿದರು. ನಡುವಿನ ಬಾಗಿಲು ದಾಟಿ, ಗೋಡೆ ಹಿಡಿದು ಹೋಗಿ ಬೆಂಚಿನ ಮೇಲೆ ಕೂತು, ಅಡುಗೆಯವನು ಬರುವ ತನಕ ಕಾಯುತ್ತಿದ್ದರು. ಅವನು ಬಂದು ಮೊದಲ ಒಬ್ಬೆ ಇಡ್ಲಿ ಇಳಿಸಿ, ಮೇಷ್ಟ್ರಿಗೆ ಎರಡು ತಟ್ಟೆ ಕೊಟ್ಟು, ಆಮೇಲೆ ದೇವರಿಗೆ ಕೈ ಮುಗಿಯುತ್ತಿದ್ದ. ಅದನ್ನು ತಿಂದು ಮಾವ ತೃಪ್ತಿಯಿಂದ ಮಲಗಲು ಹೋಗುತ್ತಿದ್ದರು. ನಾನು ಅಡುಗೆಯವನನ್ನು ಬೈದೆ. "ಅವ್ರು ಹಾಕು ಅಂದ್ರೆ ನಾನು ಹಾಕಲ್ಲ ಅನ್ನಕಾಯ್ತದಾ ಅಣ್ಣ? ನನ್ ಕೈಲಿ ಮೈದಾನ ಸುತ್ತಿಸವ್ರೆ" ಅಂದ. ಅವನಿಗೆ ಈಗ ನಲವತ್ತು ದಾಟಿದೆ.

ಇದು ಎಷ್ಟು ದಿನ ನಡೆಯುತ್ತಿತ್ತೋ, ಅತ್ತೆ ಬೀಳದೆ ಹೋಗಿದ್ದರೆ.

ಒಂದು ದಿನ ಬೆಳಿಗ್ಗೆ ಹೋಟೆಲು ತುಂಬಿತ್ತು. ಅತ್ತೆ ಒಳಗೆ ಹುಣಸೆಹಣ್ಣು ಕಿವುಚುತ್ತ ನಿಂತಿದ್ದರು. ನನ್ನ ಹೆಂಡತಿ ಕೂಗಿಕೊಂಡದ್ದು ಕೇಳಿ ಓಡಿದೆ. ಅತ್ತೆ ನೆಲದ ಮೇಲೆ ಕೂತಿದ್ದರು, ಬೆನ್ನು ಅಕ್ಕಿ ಮೂಟೆಗೆ ಒರಗಿತ್ತು, ಹಣೆಯಲ್ಲಿ ಸ್ವಲ್ಪ ರಕ್ತ. ಬೀಳುವಾಗ ಕಟ್ಟೆಯ ಅಂಚು ತಾಗಿತ್ತು. ಕೈಯಲ್ಲಿ ಹುಣಸೆಹಣ್ಣು ಹಾಗೇ ಇತ್ತು. ತಲೆಸುತ್ತಿ ಬಿದ್ದಿದ್ದಾರೆ ಅಂದುಕೊಂಡೆವು. ನೀರು ಚಿಮುಕಿಸಿದರೆ ಕಣ್ಣು ಬಿಟ್ಟು, "ಏನೂ ಇಲ್ಲ, ನಿದ್ದೆ ಬಂತು" ಅಂದರು. ನಿಂತಲ್ಲೇ ನಿದ್ದೆ ಹೋಗಿ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿದರು, ಬಿಪಿ ನೋಡಿದರು. ಸರಿಯಾಗಿ ನಿದ್ದೆ ಮಾಡುತ್ತೀರಾ ಅಂತ ಕೇಳಿದರು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಅವರನ್ನು ಕೂರಿಸಿಕೊಂಡು ವಿಚಾರಿಸಿದಳು. ಅಡುಗೆಮನೆಗೆ ಬೀಗ ಹಾಕಿದ ಮೇಲೂ ಅತ್ತೆ ಮಾವನ ಜೊತೆ ರಾತ್ರಿಯೆಲ್ಲ ಎದ್ದಿರುತ್ತಿದ್ದರು. ಅವರು ಹೋಟೆಲಿಗೆ ಹೋಗಿ ಕೂತರೆ ಇವರು ಬಾಗಿಲ ಹತ್ತಿರ ಕೂರುತ್ತಿದ್ದರು. ಹಗಲು ಅವರು ಮಲಗುತ್ತಿದ್ದರು. ಇವರಿಗೆ ಹಗಲು ಕಣ್ಣು ಕಾಣುತ್ತದಲ್ಲ, ನಿದ್ದೆ ಬರುತ್ತಿರಲಿಲ್ಲ. ಚಟ್ನಿ ರುಬ್ಬುತ್ತಿದ್ದರು.

"ನಿಂಗ್ಯಾಕವ್ವ ಬೇಕಿತ್ತು? ಮಲಗ್ಬಾರ್ದಾ?" ಅಂತ ಹೆಂಡತಿ ಗದರಿದಳು.

"ಅವ್ರು ಕತ್ಲಲ್ಲಿ ಒಬ್ರೇ ಕುಂತಿರ್ತಾರಲ್ಲೇ" ಅಂದರು ಅತ್ತೆ.

ಮಾವ ಪಕ್ಕದ ಕೋಣೆಯಲ್ಲಿ ಮಂಚದ ಮೇಲಿದ್ದರು. ಕೇಳಿಸಿಕೊಂಡರು. ಎದ್ದು, ಗೋಡೆ ಸವರಿಕೊಂಡು ಈ ಕೋಣೆಗೆ ಬಂದರು. ಅತ್ತೆಯ ಮುಖ ಎಲ್ಲಿದೆಯೆಂದು ಹುಡುಕಿ, ಹಣೆಯ ಬ್ಯಾಂಡೇಜನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಎಷ್ಟ್ ಹೊಲಿಗೆ ಹಾಕವ್ರೆ?"

"ನಂಗೇನ್ ಗೊತ್ತು, ಹಣೆ ನಂಗೆ ಕಾಣ್ತದಾ?" ಅಂದರು ಅತ್ತೆ.

ಮಾವ ನಕ್ಕರು. ಕಣ್ಣು ತೆಗೆದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಆಮೇಲೆ ನನ್ನ ಕಡೆಗೆ, ಅಂದರೆ ನಾನು ನಿಂತಿಲ್ಲದ ಒಂದು ಕಡೆಗೆ ತಿರುಗಿ, "ಆ ಡಾಕ್ಟ್ರಮ್ಮ ಏನೇನ್ ಹೇಳ್ತೋ ಎಲ್ಲ ಮಾಡಾಣ ಅಳಿಯಂದ್ರೇ" ಅಂದರು.

ಮಾಡಲು ಮೊದಲು ಕಾಯಬೇಕಿತ್ತು. ಮಾವನ ರಾತ್ರಿ ಆಗ ಮಧ್ಯಾಹ್ನದಲ್ಲಿತ್ತು. ಅದು ನಿಧಾನವಾಗಿ ಸಾಯಂಕಾಲಕ್ಕೆ ಬರಬೇಕು, ಅಲ್ಲಿಂದ ನಮ್ಮ ರಾತ್ರಿಗೆ. ಮನೆಮಂದಿಯೆಲ್ಲ ದೂರದಿಂದ ಬರುವ ನೆಂಟರನ್ನು ಕಾದಂತೆ ಕಾದೆವು. ನಾದಿನಿ ದಿನಾ ಫೋನು ಮಾಡಿ, "ಅಪ್ಪನ ರಾತ್ರಿ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದಳು. "ಇವತ್ತು ಕಾಫಿ ಹೊತ್ತಿಗೆ ಬಂದೈತೆ" ಅಂತ ನನ್ನ ಹೆಂಡತಿ ಹೇಳುತ್ತಿದ್ದಳು. ಪಾವಗಡದ ಅವಳ ಅತ್ತೆ ಹಿಂದಿನಿಂದ ತೆಲುಗಿನಲ್ಲಿ, "ಏಮಂಟಾ? ಎಕ್ಕಡಿಕೊಚ್ಚಿಂದಂಟಾ?" ಅಂತ, ಎಲ್ಲಿಗೆ ಬಂತಂತೆ ಎಂದು ವಿಚಾರಿಸುವುದು ಕೇಳಿಸುತ್ತಿತ್ತು. ಗಿರಾಕಿಗಳಿಗೂ ಗೊತ್ತಾಗಿ, ಬಿಲ್ಲು ಕೊಡುವಾಗ ಕೇಳಿ ಹೋಗುತ್ತಿದ್ದರು. ಈ ನಡುವೆ ಅತ್ತೆಯನ್ನು ಬೇರೆ ಕೋಣೆಯಲ್ಲಿ ಮಲಗಿಸಿದೆವು, ಮಾವನ ಕೋಣೆಯಲ್ಲಿ ರಾತ್ರಿ ನಾನು ಮಲಗಿದೆ. ಮಾವ ಎಚ್ಚರವಿದ್ದು ನನ್ನ ಗೊರಕೆಯ ಬಗ್ಗೆ ಬೆಳಿಗ್ಗೆ ಎಲ್ಲರಿಗೂ ವಿವರವಾಗಿ ಹೇಳುತ್ತಿದ್ದರು.

ಕೊನೆಗೊಂದು ಸಂಜೆ, ಬೀದಿದೀಪ ಹತ್ತಿ ಎಷ್ಟೋ ಹೊತ್ತಾದ ಮೇಲೆ, ಮಾವ ಮುದ್ದೆ ಮುರಿಯುತ್ತ ಒಂದು ದೊಡ್ಡ ಆಕಳಿಕೆ ತೆಗೆದರು. ನನ್ನ ಹೆಂಡತಿ ಓಡಿಹೋಗಿ ಮಾತ್ರೆ ತಂದಳು.

ಅವತ್ತಿನಿಂದ ಹಿಡಿದುಕೊಂಡೆವು. ಬೆಳಿಗ್ಗೆ ಅಡುಗೆಯವನು ಬಾಗಿಲು ತಟ್ಟಿದ ಕೂಡಲೇ ಮಾವ ಏಳಲೇಬೇಕು. ಎದ್ದರೆ ಬಿಸಿನೀರು, ಸ್ನಾನ. ಆಮೇಲೆ ನನ್ನ ಕೈ ಹಿಡಿದು ಬೆಟ್ಟದ ಬುಡದ ತನಕ ನಡಿಗೆ. ಬಂದು ಇಡ್ಲಿ. ಆಮೇಲೆ ಹೋಟೆಲಿನಲ್ಲೇ ಮೂಲೆ ಬೆಂಚಿನ ಮೇಲೆ ಕೂತು ಕಡ್ಲೆಕಾಯಿ ಬೀಜದ ಸಿಪ್ಪೆ ತಿಕ್ಕಿ ತೆಗೆಯುವುದು. ಇದು ಡಾಕ್ಟರು ಹೇಳಿದ್ದಲ್ಲ. ಜನರ ಮಾತುಕತೆ ಇರಬೇಕು ಅಂದಿದ್ದರಲ್ಲ, ಹೋಟೆಲಿಗಿಂತ ಹೆಚ್ಚು ಮಾತು ಎಲ್ಲೂ ಇರುವುದಿಲ್ಲ ಅಂತ ಅತ್ತೆ ತೀರ್ಮಾನಿಸಿದರು. ಮಧ್ಯಾಹ್ನ ಊಟ. ಆಮೇಲೆ ಮಲಗುವ ಹಾಗಿಲ್ಲ. ಇದು ಎಲ್ಲಕ್ಕಿಂತ ಕಷ್ಟ. ಬಿಸಿಲಿನ ದಿನಗಳಲ್ಲಿ ನಮ್ಮೂರಿನಲ್ಲಿ ಊಟ ಮಾಡಿ ಎಚ್ಚರವಿರುವುದು ಕಣ್ಣಿದ್ದವರಿಗೇ ಆಗುವುದಿಲ್ಲ. ಹೆಂಡತಿ ರೇಡಿಯೊ ಹಚ್ಚಿಡುತ್ತಿದ್ದಳು. ಸಾಯಂಕಾಲ ಬೇಗ ಊಟ, ಮಾತ್ರೆ, ಮಲಗುವುದು. ರಾತ್ರಿ ಹಸಿವಾದರೆ ನೀರು.

ಮೊದಲ ಕೆಲವು ವಾರ ಮಾವನ ಮೈ ಒಳಗೇ ಜಗಳ ನಡೆಯುತ್ತಿದ್ದಂತಿತ್ತು. ಹೊಟ್ಟೆ ಬೇಗ ಒಪ್ಪಿತು. ಇಡ್ಲಿ ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಕಾಲೂ ಒಪ್ಪಿದವು. ನಿದ್ದೆ ಮಾತ್ರ ಎಷ್ಟೋ ದಿನ ಓಡಿಹೋಗಲು ನೋಡುತ್ತಿತ್ತು. ಬೆಳಿಗ್ಗೆ ಏಳಿಸಿದರೆ ಮಾವ ನನಗೆ, ನಮ್ಮಪ್ಪನಿಗೆ, ಗಂಡಿನ ಕಡೆಯವರು ಅಂದು ತಡವಾಗಿ ಬಂದದ್ದಕ್ಕೆ ಎಲ್ಲ ಸೇರಿಸಿ ಬೈಯುತ್ತಿದ್ದರು. ನಡೆಯುವಾಗ ನನ್ನ ತೋಳಿಗೆ ಒರಗಿ ನಿದ್ದೆ ಮಾಡುತ್ತ ನಡೆಯುತ್ತಿದ್ದರು. ಆದರೂ ನಡೆಯುತ್ತಿದ್ದರು. ಬೇಡ ಅನ್ನಲಿಲ್ಲ. ಮನೆಗೆ ಬಂದು ಮೊದಲು ಕೇಳುವುದು, "ಅವ್ಳು ಮಲಗಿದ್ಲಾ ರಾತ್ರಿ?" ಅಂತ.

ಒಂದು ದಿನ ತಟ್ಟುವ ಸದ್ದಿಗಿಂತ ಮೊದಲೇ ಒಳಗಿನಿಂದ, "ಲೇಟಾಯ್ತಲ್ಲೋ" ಅಂತ ಬಂತು. ಅಡುಗೆಯವನು ಒಲೆ ಹಚ್ಚುವುದನ್ನು ಬಿಟ್ಟು ನಮ್ಮನ್ನೆಲ್ಲ ಎಬ್ಬಿಸಿದ. ಅವತ್ತು ನಿಜವಾಗಿಯೂ ಲೇಟಾಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮಳೆಗಾಲದಲ್ಲಿ ನಾದಿನಿಯ ಮಗುವಿನ ನಾಮಕರಣಕ್ಕೆ ಎಲ್ಲರೂ ಪಾವಗಡದ ಕಡೆಗೆ ಹೋದೆವು. ಬೀಗರು ಬಹಳ ಒಳ್ಳೆಯ ಜನ. ನೆಂಟರು ಬಂದರೆ ಊಟಕ್ಕೆ ಕೂರಿಸುವುದೇ ಊರು ಮಲಗಿದ ಮೇಲೆ. ಮಾವ ಹೊತ್ತಿಗೆ ಮಲಗಬೇಕು ಅಂದರೆ, "ಅಯ್ಯೋ ಮಾಸ್ಟಾರೂ, ಈ ಒಂದ್ ದಿನ ಕಣ್ರೀ, ಏಮೀ ಕಾದು, ಏನೂ ಆಗಲ್ಲ" ಅಂತ ಒತ್ತಾಯ ಮಾಡಿ ಬಡಿಸಿದರು. ಒಂದು ದಿನ ನಾಲ್ಕು ದಿನವಾಯಿತು. ಮಾತ್ರೆ ಒಂದು ದಿನ ಮರೆತೆವು, ಒಂದು ದಿನ ಸಿಗಲಿಲ್ಲ, ಒಂದು ದಿನ ಹೋಳಿಗೆ ತಿಂದ ಮೇಲೆ ಮಾವನೇ ಬೇಡ ಅಂದರು. ಮಧುಗಿರಿಗೆ ವಾಪಸು ಬರುವ ಹೊತ್ತಿಗೆ ಅವರ ರಾತ್ರಿ ಕೈ ಜಾರಿ ಮುಂದೆ ಹೋಗಿತ್ತು. ಒಂದಿಷ್ಟು ದಿನ ಹಿಂದಕ್ಕೆ ಎಳೆದು ನೋಡಿದೆವು, ಬರಲಿಲ್ಲ. ಮತ್ತೆ ಪೂರ್ತಿ ಒಂದು ಸುತ್ತು ಬರುವ ತನಕ ಕಾದು ಹಿಡಿಯಬೇಕಾಯಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ. ಅತ್ತೆ ರಾತ್ರಿ ತಮ್ಮ ಕೋಣೆಯಲ್ಲಿ ಮಲಗಿದರು, ಮಾವ ತಮ್ಮ ಕೋಣೆಯಲ್ಲಿ ಎಚ್ಚರವಿದ್ದರು. ಒಬ್ಬನೇ ಇರಲು ನನಗೇನೂ ಬೇಜಾರಿಲ್ಲ, ಅಳಿಯಂದಿರ ಗೊರಕೆ ಇದೆ ಅಂತ ಮಾವ ಅತ್ತೆಗೆ ಹೇಳಿದರಂತೆ.

ಹೋದ ತಿಂಗಳು ಅತ್ತೆ ಒಬ್ಬರೇ ನಾದಿನಿಯ ಮನೆಗೆ ಹೋದರು. ಮಾವನನ್ನು ಬಿಟ್ಟು ಒಂದು ವಾರ ಬೇರೆ ಊರಿನಲ್ಲಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲಂತೆ. ಹೊರಡುವಾಗ ನನ್ನ ಹೆಂಡತಿಗೆ ಏನೇನು ಮಾಡಬೇಕೆಂದು ಬಸ್ಸಿನ ಕಿಟಕಿಯಿಂದ ಹೇಳುತ್ತಲೇ ಇದ್ದರು. ಬಸ್ಸು ಹೊರಟ ಮೇಲೂ ಬಾಯಿ ಆಡುತ್ತಿದ್ದದ್ದು ಕಾಣಿಸಿತು. ಮಾವ ಆ ವಾರ ಒಂದು ದಿನವೂ ತಪ್ಪಲಿಲ್ಲ. ಎದ್ದರು, ನಡೆದರು, ಬೀಜ ತಿಕ್ಕಿದರು, ಹೊತ್ತಿಗೆ ಮಾತ್ರೆ ಕೇಳಿ ನುಂಗಿದರು.

ಎರಡನೆಯ ದಿನ ನಾದಿನಿ ಗಾಬರಿಯಿಂದ ಫೋನು ಮಾಡಿದಳು.

"ಅಕ್ಕ, ಅವ್ವ ಬಂದಾಗಿಂದ ಬರೀ ಮಲಗ್ತಾನೇ ಅವ್ಳೆ. ಊಟಕ್ಕೆ ಏಳಿಸಿದ್ರೆ ಉಂಡು ಮತ್ತೆ ಮಲಗ್ತಾಳೆ. ಡಾಕ್ಟ್ರಿಗೆ ತೋರಿಸ್ಲಾ?"

ನನ್ನ ಹೆಂಡತಿ ಮಾವನಿಗೆ ಫೋನು ಕೊಟ್ಟಳು. ಅವರು ಮಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಏನೂ ಆಗಿಲ್ಲ ಕಣಮ್ಮ, ನಿದ್ದೆ ಬಾಕಿ ಐತೆ, ಮಲೀಕಳ್ಳಿ ಬುಡು" ಅಂದರು. "ಏಳಿಸ್ಬ್ಯಾಡ."

ಅತ್ತೆ ವಾರ ಮುಗಿಸಿಕೊಂಡು ಬಂದರು. ಮುಖ ತುಂಬಿಕೊಂಡಿತ್ತು. ಬೀಗರ ಮನೆಯಲ್ಲಿ ಎಲ್ಲ ಚೆನ್ನಾಗಿದೆ, ಚಟ್ನಿಗೆ ಮಾತ್ರ ಖಾರ ಜಾಸ್ತಿ ಹಾಕುತ್ತಾರೆ ಅಂದರು.